ಗ್ಲೆನೆಲ್ಗ್ ಪ್ರಭುಗಳ ಚರಿತ್ರೆ

1834ನೆಯ ಇಸವಿಯ ಅಕ್ಟೋಬರ ತಿಂಗಳಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಬಾಸೆಲ್ ಪಟ್ಟಣದ ಮಿಶನಿನಿಂದ ಕಳುಹಿಸಲ್ಪಟ್ಟು ಮಂಗಳೂರನ್ನು ಸೇರಿದರೆಂಬ ಸಂಗತಿಯನ್ನು ನಮ್ಮ ವಾಚಕರಲ್ಲಿ ಅನೇಕರು ಹಿರಿಯರ ಬಾಯಿಂದ ಕೇಳಿರುವರು. ಅವರು ಇಂಗ್ಲಿಷರಲ್ಲ. ಅದಕ್ಕೆ ಕೆಲವು ವರುಷಗಳ ಹಿಂದೆ ಅಂಥವರು ಕಂಪೆನಿ ಸರಕಾರದ ಸೀಮೆಯಲ್ಲಿ ನೆಲೆಗೊಂಡು ಕೆಲಸ ಮಾಡುವದು ಸುಲಭವಾಗಿರಲಿಲ್ಲ. 1833ರಲ್ಲಿ ಕಂಪೆನಿಗೆ ಕೊಡಲ್ಪಟ್ಟ ಹೊಸ ಸನ್ನದಿನ ತರುವಾಯ ಅವರಿಗೆ ದಾರಿಯು ಸಲೀಸಾಯಿತು. ಆ ಸನ್ನದಿನ ಮಸೂದೆಯನ್ನು ಲಂಡನಿನ ಪಾರ್ಲಿಮೆಂಟಿನ ಮುಂದಿಟ್ಟ ಮಂತ್ರಿಯು ಸ್ಕಾಟ್ಲೆಂಡಿನ ಮನೆತನದವರಾದ ಚಾರ್ಲ್ಸ್ ಗ್ರಾಂಟರು. ಇವರೇ ಮುಂದೆ ಗ್ಲೆನೆಲ್ಗ್ ಪ್ರಭುಗಳೆಂಬ ಹೆಸರನ್ನು ಹೊಂದಿದರು. ಇವರ ಚರಿತ್ರೆಯಲ್ಲಿ ಹೊಗಳತಕ್ಕ ಸಂಗತಿಗಳು ಇರುವ ಹಾಗೆಯೇ ದುಃಖಿಸತಕ್ಕವೂ ಇವೆ. ಎರಡನ್ನೂ ಮರೆಮಾಡದೆ ಹೇಳುವದು ನಮಗೆ ಯೋಗ್ಯವಾಗಿ ತೋರುತ್ತದೆ.

ಇವರ ತಂದೆಯ ಹೆಸರೂ ಚಾರ್ಲ್ಸ್ ಗ್ರಾಂಟ್ ಎಂದೇ. ಆ ತಂದೆಯು 1746ರಲ್ಲಿ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನಲ್ಲಿ ಬಡತನದ ಮನೆಯಲ್ಲಿ ಹುಟ್ಟಿ, ಯೌವನದಲ್ಲಿ ಬಂಗಾಳಕ್ಕೆ ಬಂದು, ಕಂಪೆನಿಯ ಕೆಲಸದಲ್ಲಿ ಬಹಳ ಹಣವನ್ನು ಸಂಪಾದಿಸಿದರು. ಮೊದಲು ಅವರು ಇತರರ ಹಾಗೆ ಲೋಕದ ಸುಖದಲ್ಲಿ ಮುಳುಗಿದ್ದರು. 1776ರಲ್ಲಿ ಅವರ ಇಬ್ಬರು ಚಿಕ್ಕ ಹೆಣ್ಣುಮಕ್ಕಳು ಕೆಲವೇ ದಿವಸಗಳ ಅಂತರದಲ್ಲಿ ಸಿಡುಬಿನಿಂದ ತೀರಿಹೋದರು. ಆ ದುಃಖವು ತಂದೆಯ ಮನಸ್ಸನ್ನು ದೇವರ ಕಡೆಗೆ ತಿರುಗಿಸಿತು. ಎರಡು ವರುಷಗಳಾದ ಮೇಲೆ, 1778ರ ಅಕ್ಟೋಬರ 26ರಂದು, ಕಲ್ಕತ್ತೆಗೆ ಸಮೀಪದ ಕಿದರ್‌ಪುರದಲ್ಲಿ ನಮ್ಮ ಚರಿತ್ರೆಯ ಚಾರ್ಲ್ಸರು ಹುಟ್ಟಿದರು. ಹೀಗೆ ಹೆಣ್ಣುಮಕ್ಕಳಿಗಾಗಿ ಅತ್ತ ಕಣ್ಣೀರು ಇನ್ನೂ ಆರದಿದ್ದ ಮನೆಯಲ್ಲಿ ಈ ಗಂಡುಮಗುವು ಕಣ್ಣು ತೆರೆಯಿತು. ಸ್ವಲ್ಪ ಕಾಲದಲ್ಲಿ ರಾಬರ್ಟನೆಂಬ ತಮ್ಮನೂ ಹುಟ್ಟಿದನು.

1790ರಲ್ಲಿ ಕುಟುಂಬವು ಇಂಗ್ಲೆಂಡಿಗೆ ಹಿಂದಿರುಗಿ, ಕೆಲವು ಕಾಲದ ಮೇಲೆ ಲಂಡನಿನ ಹತ್ತಿರದ ಕ್ಲಾಪ್ಹಮ್ ಎಂಬ ಊರಿನಲ್ಲಿ ನೆಲೆಗೊಂಡಿತು. ಆ ಊರಲ್ಲಿ ವಿಲ್ಬರ್‌ಫೋರ್ಸ್, ಥಾರ್ಂಟನ್, ಜಕಾರಿ ಮೆಕಾಲೆ ಮೊದಲಾದ ಭಕ್ತರು ಒಬ್ಬರ ಮನೆಗೆ ಒಬ್ಬರು ಹೋಗುತ್ತಾ ಬರುತ್ತಾ, ಆಫ್ರಿಕದ ಜನರನ್ನು ಹಿಡಿದು ಮಾರುವ ವ್ಯಾಪಾರವನ್ನು ನಿಲ್ಲಿಸುವದಕ್ಕಾಗಿ ಆಲೋಚಿಸುತ್ತಿದ್ದರು. ತಂದೆ ಗ್ರಾಂಟರು ಕಂಪೆನಿಯ ಡೈರೆಕ್ಟರಾಗಿ, ಅದರ ಅಧ್ಯಕ್ಷರೂ ಆಗಿ, ಹಿಂದುಸ್ಥಾನದಲ್ಲಿ ಶಾಲೆಗಳೂ ಮಿಶನರಿಗಳೂ ಬೇಕೆಂದು ಇಪ್ಪತ್ತು ವರುಷ ಬಿಡದೆ ವಾದಿಸಿದರು. 1793ರಲ್ಲಿ ಆ ಯತ್ನವು ಸೋತುಹೋಯಿತು. 1813ರ ಸನ್ನದಿನಲ್ಲಿ ಮಿಶನರಿಗಳು ಅಪ್ಪಣೆ ಪಡೆದು ಬರಬಹುದೆಂದೂ, ವಿದ್ಯಾಭ್ಯಾಸಕ್ಕಾಗಿ ವರುಷಕ್ಕೆ 1 ಲಕ್ಷ ರೂಪಾಯಿ ತೆಗೆದಿಡಬೇಕೆಂದೂ ಗೊತ್ತಾಯಿತು. ಮಕ್ಕಳಿಬ್ಬರೂ ಊಟದ ಮೇಜಿನ ಬಳಿಯಲ್ಲಿಯೇ ಈ ಮಾತುಗಳನ್ನು ಕೇಳುತ್ತಾ ಬೆಳೆದರು.

ಚಾರ್ಲ್ಸರೂ ರಾಬರ್ಟರೂ ಕೇಂಬ್ರಿಜ್ ವಿಶ್ವವಿದ್ಯಾಲಯದ ಮ್ಯಾಗ್ಡಲೀನ್ ಕಾಲೇಜಿನಲ್ಲಿ ಕಲಿತು, ಗಣಿತದ ಪರೀಕ್ಷೆಯಲ್ಲಿ ಮೇಲಣ ಸ್ಥಾನಗಳನ್ನು ಪಡೆದರು. ಪೂರ್ವ ದೇಶಗಳಲ್ಲಿ ವಿದ್ಯೆಯ ಪುನರುಜ್ಜೀವನವೆಂಬ ವಿಷಯದ ಮೇಲೆ ಚಾರ್ಲ್ಸರು ಬರೆದ ಪದ್ಯಕ್ಕೆ 1805ರಲ್ಲಿ ಬಹುಮಾನವು ದೊರಕಿತು. ಬುದ್ಧಿಯೂ ಮಾತಿನ ಶಕ್ತಿಯೂ ಮೃದುವಾದ ಮನಸ್ಸೂ ಅವರಲ್ಲಿ ಕೂಡಿದ್ದವು. ಒಂದೇ ಕೊರತೆ ಇತ್ತು. ಕೈಗೆ ಬಂದ ಕೆಲಸವನ್ನು ನಾಳೆಗೆ ತಳ್ಳುವ ಸ್ವಭಾವವು ಅವರಲ್ಲಿ ಮೊದಲಿನಿಂದಲೂ ಇತ್ತು. ಸಣ್ಣ ಬಿರುಕಿನಿಂದ ಕೆರೆಯ ಏರಿ ಒಡೆಯುವಂತೆ, ಈ ಒಂದು ಕೊರತೆಯೇ ಮುಂದೆ ಅವರ ಪದವಿಯನ್ನು ಕಳೆಯಿತು.

1811ರಲ್ಲಿ ಅವರು ಸ್ಕಾಟ್ಲೆಂಡಿನ ಇನ್ವರ್ನೆಸ್ ಪಟ್ಟಣಗಳ ಪ್ರತಿನಿಧಿಯಾಗಿ ಪಾರ್ಲಿಮೆಂಟನ್ನು ಸೇರಿದರು. 1818ರಲ್ಲಿ ಮುದುಕರಾದ ತಂದೆಯು ಬಿಟ್ಟುಕೊಟ್ಟ ಇನ್ವರ್ನೆಸ್ ಜಿಲ್ಲೆಯ ಸ್ಥಾನಕ್ಕೆ ಬಂದು, 1835ರ ವರೆಗೆ ಅಲ್ಲಿಯವರ ಪ್ರತಿನಿಧಿಯಾಗಿದ್ದರು. ಅದೇ 1818ರಲ್ಲಿ ಅವರನ್ನು ಐರ್ಲೆಂಡಿನ ಆಡಳಿತದ ಮುಖ್ಯ ಕಾರ್ಯದರ್ಶಿಯಾಗಿ ನೇಮಿಸಿದರು. ಆ ದ್ವೀಪದಲ್ಲಿ ಪ್ರಜೆಗಳಲ್ಲಿ ಬಹುಮಂದಿ ರೋಮನ್ ಕಥೋಲಿಕರು, ಅಧಿಕಾರವುಳ್ಳವರು ಪ್ರೊಟೆಸ್ಟಂಟರು. ಕಥೋಲಿಕನಾದವನು ಪಾರ್ಲಿಮೆಂಟಿನಲ್ಲಿ ಕೂತುಕೊಳ್ಳಕೂಡದೆಂಬ ಕಟ್ಟಳೆಯು ಆಗ ಇತ್ತು. ಗ್ರಾಂಟರು ದೃಢವಾದ ಪ್ರೊಟೆಸ್ಟಂಟರಾಗಿದ್ದರೂ ಈ ಕಟ್ಟಳೆಯನ್ನು ಅನ್ಯಾಯವೆಂದೆಣಿಸಿ ಕಥೋಲಿಕರ ಪಕ್ಷವಾಗಿ ಮಾತಾಡಿದರು. ತಮ್ಮ ನಂಬಿಕೆಗೆ ಬೇಕಾದ ಸ್ವಾತಂತ್ರ್ಯವನ್ನು ಇನ್ನೊಬ್ಬನ ನಂಬಿಕೆಗೂ ಕೊಡಬೇಕೆಂಬ ನ್ಯಾಯವು ಅವರಿಗೆ ತಿಳಿದಿತ್ತು. ಆದರೆ ಮೇಲಧಿಕಾರಿಗಳ ಮನಸ್ಸು ಬೇರೆಯಾಗಿತ್ತು. ಗ್ರಾಂಟರ ಕಛೇರಿಯ ಕೆಲಸವೂ ನಿಧಾನವಾಗಿತ್ತು. 1821ರ ಕೊನೆಯಲ್ಲಿ ಅವರು ಆ ಕೆಲಸದಿಂದ ತೆಗೆಯಲ್ಪಟ್ಟರು. ಬಳಿಕ ವ್ಯಾಪಾರ ಇಲಾಖೆಯಲ್ಲಿ ಉಪಾಧ್ಯಕ್ಷರಾಗಿಯೂ, 1827ರಿಂದ 1828ರ ವರೆಗೆ ಅದರ ಅಧ್ಯಕ್ಷರಾಗಿಯೂ ಇದ್ದರು.

1830ರಲ್ಲಿ ಗ್ರೇ ಪ್ರಭುಗಳು ಮುಖ್ಯಮಂತ್ರಿಗಳಾದಾಗ, ಗ್ರಾಂಟರನ್ನು ಹಿಂದುಸ್ಥಾನದ ಕಾರ್ಯಗಳನ್ನು ನೋಡುವ ಬೋರ್ಡ್ ಆಫ್ ಕಂಟ್ರೋಲ್ ಎಂಬ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. ಕಂಪೆನಿಯು ಈ ನಾಡನ್ನು ಆಳುತ್ತಿದ್ದರೂ, ಅದು ಕಳುಹಿಸುವ ಮುಖ್ಯ ನಿರೂಪಗಳೆಲ್ಲ ಈ ಮಂಡಳಿಯ ಕೈದಾಟಿಯೇ ಬರಬೇಕಾಗಿತ್ತು. ಕಿದರ್‌ಪುರದಲ್ಲಿ ಹುಟ್ಟಿದ ಮಗುವು ಹೀಗೆ ತನ್ನ ಜನ್ಮಭೂಮಿಯ ಮೇಲ್ವಿಚಾರಕನಾಯಿತು. ಜಕಾರಿ ಮೆಕಾಲೆಯವರ ಮಗನಾದ ಥಾಮಸ್ ಮೆಕಾಲೆಯವರು ಅವರಿಗೆ ಕಾರ್ಯದರ್ಶಿಯಾಗಿದ್ದರು.

ಆ ಕಾಲದ ಎರಡು ಕೆಲಸಗಳನ್ನು ನಾವು ವಿವರಿಸಬೇಕು. ಮೊದಲನೆಯದು 1833ರ ಫೆಬ್ರವರಿಯಲ್ಲಿ ಕಳುಹಿಸಲ್ಪಟ್ಟ ನಿರೂಪ. ಆಗ ಕಂಪೆನಿ ಸರಕಾರವು ಪುರಿ, ಗಯೆ, ಪ್ರಯಾಗಗಳಲ್ಲಿ ಯಾತ್ರಿಕರಿಂದ ತೆರಿಗೆಯನ್ನು ಎತ್ತಿ, ದೇವಸ್ಥಾನಗಳ ಆಡಳಿತದಲ್ಲಿ ಕೈಹಾಕಿ, ಅದರಿಂದ ಲಾಭವನ್ನೂ ಹೊಂದುತ್ತಿತ್ತು. ಯಾತ್ರಿಕರ ತೆರಿಗೆಯನ್ನು ನಿಲ್ಲಿಸಬೇಕು, ದೇವಸ್ಥಾನಗಳ ಕಾರ್ಯವನ್ನು ಆ ಮತದವರ ಕೈಗೇ ಬಿಟ್ಟುಬಿಡಬೇಕು ಎಂದು ಗ್ರಾಂಟರು ಅಪ್ಪಣೆ ಮಾಡಿಸಿದರು. ಆದರೆ ಆ ನಿರೂಪವು ಇಲ್ಲಿಯ ಕಛೇರಿಗಳಲ್ಲಿ ಬಹಳ ಕಾಲ ಬಿದ್ದಿತ್ತು. ಆ ಮೂರು ಸ್ಥಳಗಳ ತೆರಿಗೆಯು ನಿಂತದ್ದು 1840ರ ಕಾಯಿದೆಯಿಂದ, ಅಂದರೆ ಏಳು ವರುಷಗಳ ಮೇಲೆ.

ಎರಡನೆಯದು 1833ರ ಆಗಸ್ಟಿನಲ್ಲಿ ಕಾಯಿದೆಯಾದ ಹೊಸ ಸನ್ನದು. ಅದರಿಂದ ಕಂಪೆನಿಯ ವ್ಯಾಪಾರವು ಕೊನೆಗಂಡಿತು. ನಾಡನ್ನಾಳುವ ಕೆಲಸ ಮಾತ್ರ ಅದಕ್ಕೆ ಉಳಿಯಿತು. ಅದರ 87ನೆಯ ಕಲಮಿನ ತಾತ್ಪರ್ಯವೇನಂದರೆ, ಈ ದೇಶದವನಾದ ಯಾವನೂ ತನ್ನ ಮತದ ನಿಮಿತ್ತವಾಗಲಿ, ಹುಟ್ಟಿದ ಸ್ಥಳದ ನಿಮಿತ್ತವಾಗಲಿ, ವಂಶದ ಅಥವಾ ಮೈಬಣ್ಣದ ನಿಮಿತ್ತವಾಗಲಿ ಕಂಪೆನಿಯ ಯಾವ ಉದ್ಯೋಗಕ್ಕೂ ಅಯೋಗ್ಯನೆಂದು ಎಣಿಸಲ್ಪಡಕೂಡದು. ಪ್ರಿಯ ವಾಚಕರೇ, ಈ ಮಾತಿನ ತೂಕವನ್ನು ವಿಚಾರಿಸಿರಿ. ಹುಟ್ಟಿನಿಂದಲೇ ಒಬ್ಬನು ಮೇಲು ಒಬ್ಬನು ಕೀಳು ಎಂದು ತೀರ್ಪಾಗುತ್ತಿದ್ದ ಊರುಗಳಲ್ಲಿ, ಬಾವಿಯ ಬಳಿಗೂ ಬರಗೊಡದೆ ದೂರವಿರಿಸಲ್ಪಟ್ಟವರ ಮಕ್ಕಳಿಗೆ, ಸರಕಾರದ ಬಾಗಿಲಲ್ಲಿ ಹುಟ್ಟನ್ನು ಕೇಳಬಾರದೆಂಬ ಕಟ್ಟಳೆಯು ಬರವಣಿಗೆಯಲ್ಲಿ ಬಂತು.

ಆ ಮಾತು ಬಹುಕಾಲ ಕಾಗದದಲ್ಲಿಯೇ ಉಳಿಯಿತೆಂಬದೂ ನಿಜವೇ. ಸಿವಿಲ್ ಸರ್ವಿಸಿನ ಪರೀಕ್ಷೆಯಲ್ಲಿ ಮೊದಲನೆಯ ಹಿಂದುಸ್ಥಾನದವರಾದ ಸತ್ಯೇಂದ್ರನಾಥ ಠಾಕೂರರು ತೇರ್ಗಡೆಯಾದದ್ದು 1863ರಲ್ಲಿ. ನಡುವೆ 30 ವರುಷಗಳು ಕಳೆದಿದ್ದವು. ಆದಾಗ್ಯೂ ಬರೆದ ಮಾತು ಸುಮ್ಮನೆ ಸಾಯಲಿಲ್ಲ. 1858ರಲ್ಲಿ ವಿಕ್ಟೋರಿಯಾ ರಾಣಿಯವರ ಘೋಷಣೆಯು ಅದೇ ವಾಗ್ದಾನವನ್ನು ತಿರಿಗಿ ಮಾಡಿತು. ತಮಗೆ ಸಲ್ಲಬೇಕಾದದ್ದನ್ನು ಕೇಳುವಾಗ ಈ ದೇಶದ ಮುಖಂಡರು ಈ ಎರಡು ಬರಹಗಳನ್ನು ಅಧಿಕಾರಿಗಳ ಮುಂದೆ ಹಿಡಿದರು. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವಾದರೋ ಇದಕ್ಕಿಂತ ಹೆಚ್ಚಿನದನ್ನು ಪ್ರಜೆಗಳ ಹಕ್ಕಾಗಿಯೇ ಸ್ಥಾಪಿಸಿತು.

ಅದೇ ಮಸೂದೆಯಲ್ಲಿ ಹಿಂದುಸ್ಥಾನದ ಗುಲಾಮಗಿರಿಯ ಮಾತೂ ಇತ್ತು. ಆಗಿನ ಕೆನರಾ ಮತ್ತು ಮಲಬಾರ ಜಿಲ್ಲೆಗಳಲ್ಲಿ ಹೊಲದ ಸಂಗಡ ಮಾರಲ್ಪಡುವ, ಒತ್ತೆಯಿಡಲ್ಪಡುವ ಆಳುಗಳು ಇದ್ದರು. ಗ್ರಾಂಟರ ಮೊದಲಿನ ಕರಡಿನ ಪ್ರಕಾರ 1837ರಲ್ಲಿ ಗೊತ್ತಾದ ಒಂದು ದಿವಸಕ್ಕೆ ಈ ದಾಸ್ಯವು ಈ ದೇಶದಿಂದ ಹೋಗಬೇಕಾಗಿತ್ತು. ಪಾರ್ಲಿಮೆಂಟಿನಲ್ಲಿ ವಿರೋಧವು ಬಂದಾಗ ಆ ದಿವಸವನ್ನು ತೆಗೆದುಬಿಟ್ಟರು. ದಾಸ್ಯವನ್ನು ತಗ್ಗಿಸಿ, ಸಮಯ ನೋಡಿ ನಿಲ್ಲಿಸುವ ಉಪಾಯಗಳನ್ನು ಗವರ್ನರ್ ಜನರಲರು ಆಲೋಚಿಸಲಿ ಎಂಬಷ್ಟೇ ಉಳಿಯಿತು. ಕೋರ್ಟುಗಳು ಗುಲಾಮಗಿರಿಯನ್ನು ಒಪ್ಪಿಕೊಳ್ಳಬಾರದೆಂಬ ಕಾಯಿದೆಯು 1843ರಲ್ಲಿ ಆಯಿತು. ದಿವಸವಿಲ್ಲದ ವಾಗ್ದಾನವು ಹೇಗೆ ಸವೆಯುತ್ತದೆಂಬದಕ್ಕೆ ಇದೊಂದು ಸಾಕ್ಷಿ.

1835ರಲ್ಲಿ ಗ್ರಾಂಟರು ಗ್ಲೆನೆಲ್ಗ್ ಪ್ರಭುಗಳೆಂಬ ಬಿರುದನ್ನು ಪಡೆದು, ವಸಾಹತುಗಳ ಮಂತ್ರಿಯಾದರು. ಗ್ಲೆನೆಲ್ಗ್ ಎಂಬದು ಸ್ಕಾಟ್ಲೆಂಡಿನ ಪಡುವಣ ಕರಾವಳಿಯ ಒಂದು ಹಳ್ಳಿಯ ಹೆಸರು. ಕೆನಡಾ, ವೆಸ್ಟ್ ಇಂಡೀಸ್ ದ್ವೀಪಗಳು, ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಾ ಇವೆಲ್ಲವುಗಳ ಭಾರವು ಒಬ್ಬ ಮನುಷ್ಯನ ಹೆಗಲ ಮೇಲೆ ಬಿತ್ತು.

ದಕ್ಷಿಣ ಆಫ್ರಿಕದ ಗಡಿಯಲ್ಲಿ ಆಗ ಖೋಸಾ ಜನರಿಗೂ ಬಿಳಿಯರಿಗೂ ಯುದ್ಧವು ನಡೆದಿತ್ತು. ಗವರ್ನರರಾದ ಡರ್ಬನರು 1835ರಲ್ಲಿ ಖೋಸಾ ಜನರ ದೊಡ್ಡ ಸೀಮೆಯೊಂದನ್ನು ಕಸಕೊಂಡು ಬ್ರಿಟಿಷ್ ರಾಜ್ಯಕ್ಕೆ ಸೇರಿಸಿದರು. ಅವರ ರಾಜನಾದ ಹಿಂತ್ಸಾ ಎಂಬವನು ಬ್ರಿಟಿಷರ ವಶದಲ್ಲಿದ್ದು ತಪ್ಪಿಸಿಕೊಳ್ಳುವಾಗ ಗುಂಡೇಟಿನಿಂದ ಕೊಲ್ಲಲ್ಪಟ್ಟನು. ಗೆದ್ದ ಭೂಮಿಯನ್ನು ಯಾವ ಮಂತ್ರಿಯು ಹಿಂದಕ್ಕೆ ಕೊಡುವನು? ಆದರೆ ಗ್ಲೆನೆಲ್ಗರು ಕಾಗದಗಳನ್ನು ಓದಿ, 1835ರ ಡಿಸೆಂಬರ 26ರಂದು ದೀರ್ಘವಾದ ನಿರೂಪವನ್ನು ಬರೆಯಿಸಿದರು. ಬಹುಕಾಲದ ಅನ್ಯಾಯದಿಂದಲೇ ಆ ಜನರು ಯುದ್ಧಕ್ಕೆದ್ದರು, ತಪ್ಪು ಹೆಚ್ಚಾಗಿ ನಮ್ಮವರದೇ, ಆ ಸೀಮೆಯನ್ನು ಬಿಟ್ಟುಬಿಡಬೇಕು ಎಂಬದು ಅದರ ಸಾರ. 1836ರಲ್ಲಿ ಆ ಭೂಮಿಯು ಖೋಸಾ ಜನರಿಗೆ ಹಿಂದಕ್ಕೆ ಬಂತು. ಬಿಳಿಯ ನಿವಾಸಿಗಳು ಮಂತ್ರಿಯನ್ನು ಬಹಳವಾಗಿ ನಿಂದಿಸಿದರು. ಗೆದ್ದವನು ಸೋತವನ ಮೊರೆಯನ್ನು ಕೇಳಿ ಭೂಮಿಯನ್ನು ತಿರಿಗಿ ಕೊಟ್ಟದ್ದು ಆ ರಾಜ್ಯದ ಚರಿತ್ರೆಯಲ್ಲಿ ಅಪರೂಪ. 1847ರಲ್ಲಿ ಬೇರೆ ಅಧಿಕಾರಿಗಳು ಆ ಭೂಮಿಯನ್ನು ಮತ್ತೆ ಕಸಕೊಂಡರೆಂಬದನ್ನೂ ನಾವು ಹೇಳಲೇಬೇಕು.

ಇನ್ನು ದುಃಖದ ಸಂಗತಿಗೆ ಬರುವೆವು. 1833ರ ಇನ್ನೊಂದು ಕಾಯಿದೆಯಿಂದ ವೆಸ್ಟ್ ಇಂಡೀಸ್ ಮುಂತಾದ ಸೀಮೆಗಳ ಸುಮಾರು 8 ಲಕ್ಷ ಗುಲಾಮರು 1834ರ ಆಗಸ್ಟ್ 1ರಂದು ಬಿಡುಗಡೆಯಾದರೆಂದು ಸಾರಲಾಯಿತು. ಒಡೆಯರಿಗೆ 2 ಕೋಟಿ ಪೌಂಡುಗಳ ಪರಿಹಾರ ಸಿಕ್ಕಿತು. ಗುಲಾಮರಿಗೆ ಒಂದು ಕಾಸೂ ಇಲ್ಲ. ಅಲ್ಲದೆ ಹೊಲದಲ್ಲಿ ದುಡಿಯುವವರು 1840ರ ವರೆಗೆ ಹಳೆಯ ಒಡೆಯರ ಕೈಕೆಳಗೇ ಇದ್ದು, ವಾರಕ್ಕೆ 45 ಗಂಟೆಗಳ ತನಕ ಕೂಲಿಯಿಲ್ಲದೆ ಕೆಲಸ ಮಾಡಬೇಕಾಗಿತ್ತು. ಇದು ಹೆಸರಿಗೆ ಬಿಡುಗಡೆ, ನಿಜವಾಗಿ ಜೀತ. ಚಾವಟಿಯ ಹೊಡೆತದ ಸುದ್ದಿಗಳು ಬರಲಾರಂಭಿಸಿದಾಗ, ಇಂಗ್ಲೆಂಡಿನ ಸಭೆಗಳಿಂದ ಸಾವಿರಾರು ಬಿನ್ನಹಗಳು ಪಾರ್ಲಿಮೆಂಟಿಗೆ ಹೋದವು. ಕ್ಲಾಪ್ಹಮಿನಲ್ಲಿ ಬೆಳೆದ ಮಂತ್ರಿಯು ಎಲ್ಲರಿಗಿಂತ ಮುಂದಾಗಿ ಈ ಜೀತವನ್ನು ಮುರಿಯುವನೆಂದು ನಂಬಿದವರು ಮೋಸಹೋದರು. ಮಾಡಿದ ಒಪ್ಪಂದವನ್ನು ಮೀರಬಾರದೆಂದು ಹೇಳಿ ಅವರ ಸರಕಾರವು ತಡೆಯಿತು. 1838ರಲ್ಲಿ ಗ್ಲೆನೆಲ್ಗರು ಕಾವಲಿನ ಕಟ್ಟಳೆಗಳನ್ನು ಬಿಗಿಮಾಡಿದರು. ಕೊನೆಗೆ ಜನರ ಒತ್ತಾಯವನ್ನು ತಾಳಲಾರದೆ ಆ ಸೀಮೆಗಳ ಶಾಸನಸಭೆಗಳೇ 1838ರ ಆಗಸ್ಟ್ 1ರಂದು ಜೀತವನ್ನು ಬಿಟ್ಟುಕೊಟ್ಟವು.

ಇದಕ್ಕಿಂತಲೂ ನಮ್ಮ ದೇಶದವರಿಗೆ ಹತ್ತಿರವಾದದ್ದು ಒಂದಿದೆ. ಗುಲಾಮರು ಬಿಡುಗಡೆಯಾದ ಮೇಲೆ ಕಬ್ಬಿನ ತೋಟಗಳಿಗೆ ಆಳು ಸಿಕ್ಕುವದಿಲ್ಲವೆಂದು ಹೆದರಿದ ತೋಟದ ಒಡೆಯರಲ್ಲಿ ಜಾನ್ ಗ್ಲಾಡ್‌ಸ್ಟನರು ಒಬ್ಬರು. ಹಿಂದುಸ್ಥಾನದಿಂದ ಕೂಲಿಗಳನ್ನು ಐದು ವರುಷದ ಕರಾರಿನ ಮೇಲೆ ದಕ್ಷಿಣ ಅಮೇರಿಕದ ಬ್ರಿಟಿಷ್ ಗಯಾನಕ್ಕೆ ಒಯ್ಯಲು ಅವರು ಅಪ್ಪಣೆ ಬೇಡಿದರು. ಗ್ಲೆನೆಲ್ಗರ ಇಲಾಖೆಯು ಒಪ್ಪಿತು. 1837ರ ಜುಲೈಯಲ್ಲಿ ಆಜ್ಞೆಯು ಹೊರಟಿತು. 1838ರ ಜನವರಿಯಲ್ಲಿ ವಿಟ್‌ಬಿ, ಹೆಸ್ಪೆರಸ್ ಎಂಬ ಎರಡು ಹಡಗುಗಳು ಕಲ್ಕತ್ತೆಯನ್ನು ಬಿಟ್ಟವು. ಅವುಗಳಲ್ಲಿ ಚೋಟಾ ನಾಗಪುರದ ಗುಡ್ಡಗಾಡಿನ ಬಡವರು ಅನೇಕರಿದ್ದರು. ಎಲ್ಲಿಗೆ ಹೋಗುತ್ತೇವೆಂದು, ಎಷ್ಟು ದೂರವೆಂದು ಅವರಲ್ಲಿ ಎಷ್ಟು ಮಂದಿ ಬಲ್ಲರು? ಮೇ 5ರಂದು 396 ಮಂದಿ ದಡಕ್ಕಿಳಿದರು. ಕೆಲವರು ಸಮುದ್ರದಲ್ಲಿಯೇ ಸತ್ತಿದ್ದರು. ತೋಟದಲ್ಲಿ ಅವರಿಗೆ ಹೊಡೆತವೂ ಬಿತ್ತೆಂಬದು ಮುಂದೆ ನಡೆದ ವಿಚಾರಣೆಯಲ್ಲಿ ಸ್ಥಾಪಿತವಾಯಿತು. ಐದು ವರುಷಗಳು ತೀರುವಷ್ಟರಲ್ಲಿ ಇಳಿದವರಲ್ಲಿ ಸುಮಾರು ನಾಲ್ವರಿಗೆ ಒಬ್ಬನಂತೆ ಮಣ್ಣಾಗಿದ್ದರು. ಗುಲಾಮಗಿರಿಯನ್ನು ದ್ವೇಷಿಸುವವರು ಪಾರ್ಲಿಮೆಂಟಿನಲ್ಲಿ ಕೂಗಿದ ಮೇಲೆ ಈ ಸಾಗಾಟವು ಸ್ವಲ್ಪ ಕಾಲ ನಿಂತು, ತಿರಿಗಿ ಆರಂಭವಾಯಿತು. 1917ರಲ್ಲಿ ಕರಾರಿನ ಆಳುಗಳನ್ನು ಕೂಡಿಸುವದು ನಿಲ್ಲುವ ವರೆಗೆ ಈ ದೇಶದ 10 ಲಕ್ಷಕ್ಕೂ ಮಿಕ್ಕ ಬಡವರು ಹೀಗೆ ದೂರದ ದ್ವೀಪಗಳಿಗೂ ತೋಟಗಳಿಗೂ ಸಾಗಿಸಲ್ಪಟ್ಟರು.

ಈ ಅಪ್ಪಣೆಯನ್ನು ಕೊಟ್ಟವರು ಕಠಿಣ ಹೃದಯದವರಲ್ಲ ಎಂಬದೇ ಇದರಲ್ಲಿ ಯೋಚಿಸತಕ್ಕದ್ದು. ಹುಟ್ಟನ್ನು ನೋಡಬಾರದೆಂಬ ಕಲಮನ್ನು ಪಾರ್ಲಿಮೆಂಟಿನ ಮುಂದಿಟ್ಟವರೂ, ಖೋಸಾ ಜನರ ಮೊರೆಯನ್ನು ಕೇಳಿದವರೂ ಅವರೇ. ಅಲ್ಲಿ ಅವರು ಕಾಗದಗಳನ್ನು ಓದಿದರು, ಸಾಕ್ಷಿಗಳನ್ನು ಕೇಳಿದರು, ಮನಸ್ಸಿಟ್ಟು ನಿರ್ಣಯಿಸಿದರು. ಇಲ್ಲಿಯೋ, ಕೂಲಿಗೆ ಹೋಗುವವರ ಕಡೆಯಿಂದ ಮಾತಾಡಲು ಯಾರೂ ಇರಲಿಲ್ಲ; ಕೇಳುವವರು ಧನಿಕರೂ ಪರಿಚಿತರೂ ಆಗಿದ್ದರು. ವಿಚಾರಿಸುವದಕ್ಕಿಂತ ಒಪ್ಪುವದು ಸುಲಭವಾಗಿತ್ತು. ದುಷ್ಟನು ಮಾಡುವ ಕೇಡನ್ನು ಒಳ್ಳೆಯವನ ಅಜಾಗ್ರತೆಯೂ ಮಾಡಬಲ್ಲದು. ಅದನ್ನು ಅನುಭವಿಸುವವನಿಗೆ ಎರಡಕ್ಕೂ ಭೇದವಿಲ್ಲ.

ಅಷ್ಟರಲ್ಲಿ ಕೆನಡಾ ದೇಶದಲ್ಲಿ 1837ರಲ್ಲಿ ದಂಗೆಯೆದ್ದಿತು. ಅಲ್ಲಿಂದ ಬರುವ ಪ್ರಶ್ನೆಗಳಿಗೆ ಲಂಡನಿನಿಂದ ಉತ್ತರಗಳು ತಡವಾಗಿಯೂ ಅಸ್ಪಷ್ಟವಾಗಿಯೂ ಹೋಗುತ್ತಿದ್ದವು. ದಂಗೆಯನ್ನು ಶಮನಮಾಡಲು 1838ರಲ್ಲಿ ಕಳುಹಿಸಲ್ಪಟ್ಟ ಡರ್ಹಮ್ ಪ್ರಭುಗಳ ಒಂದು ಕಟ್ಟಳೆಯನ್ನು ಸರಕಾರವೇ ತಳ್ಳಿಹಾಕಿದ್ದರಿಂದ ಅವರು ಕೋಪಿಸಿಕೊಂಡು ಹಿಂದಿರುಗಿದರು. ಪತ್ರಿಕೆಗಳು ಗ್ಲೆನೆಲ್ಗರನ್ನು ನಿದ್ದೆಗಾರ ಮಂತ್ರಿಯೆಂದು ಪರಿಹಾಸ್ಯ ಮಾಡಿದವು; ಅವರು ತೂಕಡಿಸುವ ಚಿತ್ರಗಳು ಬೀದಿಯಲ್ಲಿ ಮಾರಲ್ಪಟ್ಟವು. ಜೊತೆಯ ಮಂತ್ರಿಗಳೇ ಇವರನ್ನು ತೆಗೆಯಬೇಕೆಂದು ಹಟಹಿಡಿದರು. 1839ರ ಫೆಬ್ರವರಿಯಲ್ಲಿ ಅವರು ರಾಜೀನಾಮೆಯನ್ನು ಕೊಟ್ಟರು. ಬಳಿಕ ಅವರು ಎಂದೂ ಮಂತ್ರಿಯಾಗಲಿಲ್ಲ.

ಆ ಕಾಲದಲ್ಲಿಯೇ ಮನೆಯಲ್ಲಿಯೂ ದುಃಖವಿತ್ತು. ಅವರ ತಮ್ಮ ರಾಬರ್ಟ್ ಗ್ರಾಂಟರು ಬೊಂಬಾಯಿಯ ಗವರ್ನರಾಗಿ 1835ರಲ್ಲಿ ಬಂದಿದ್ದರು. ಆಗ ಬೊಂಬಾಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ ಸೀಮೆಯೂ ಅವರ ಆಡಳಿತದಲ್ಲಿತ್ತು. ಅವರು 1838ರ ಜುಲೈ 9ರಂದು ಪುಣೆಯ ಬಳಿಯ ದಾಪೋಡಿಯಲ್ಲಿ ತೀರಿಹೋದರು. ಬೊಂಬಾಯಿಯ ಗ್ರಾಂಟ್ ಮೆಡಿಕಲ್ ಕಾಲೇಜು ಅವರ ಹೆಸರನ್ನು ಹೊತ್ತಿದೆ. ರಾಬರ್ಟರು ಕೀರ್ತನೆಗಳನ್ನು ರಚಿಸುವವರಾಗಿದ್ದರು. ಅಣ್ಣನು ಪದವಿಯನ್ನು ಕಳಕೊಂಡ 1839ನೆಯ ವರುಷದಲ್ಲಿಯೇ ತಮ್ಮನ ಕೀರ್ತನೆಗಳನ್ನು ಕೂಡಿಸಿ ಅಚ್ಚುಹಾಕಿಸಿದನು. ಅವುಗಳಲ್ಲಿ ಕೆಲವು ಇಂದಿಗೂ ಅನೇಕ ದೇಶಗಳ ಸಭೆಗಳಲ್ಲಿ ಹಾಡಲ್ಪಡುತ್ತವೆ. ತನಗೆ ಅವಮಾನವಾದ ಕಾಲದಲ್ಲಿ ಇನ್ನೊಬ್ಬನ ಒಳ್ಳೆಯ ಕೆಲಸವು ನಶಿಸದಂತೆ ನೋಡಿಕೊಂಡದ್ದು ಅವರ ಮನಸ್ಸು ಎಂಥದೆಂಬದನ್ನು ತೋರಿಸುತ್ತದೆ.

ಗ್ಲೆನೆಲ್ಗರು ಮದುವೆಯಾಗಲಿಲ್ಲ. ಕೊನೆಯ ವರುಷಗಳನ್ನು ಫ್ರಾನ್ಸ್ ದೇಶದ ದಕ್ಷಿಣ ಕರಾವಳಿಯ ಕ್ಯಾನ್ ಎಂಬ ಊರಿನಲ್ಲಿ ಕಳೆದು, 1866ರ ಏಪ್ರಿಲ್ 23ರಂದು 87 ವರುಷ ಪ್ರಾಯದವರಾಗಿ ಅಲ್ಲಿ ನಿದ್ರೆಹೋದರು. ಮಕ್ಕಳಿಲ್ಲದ್ದರಿಂದ ಬಿರುದು ಅವರೊಂದಿಗೇ ಅಳಿಯಿತು. ಹೆಸರು ಮಾತ್ರ ಆಸ್ಟ್ರೇಲಿಯದ ಅಡಿಲೇಡ್ ಪಟ್ಟಣದ ಸಮೀಪದ ಕಡಲತೀರದ ಊರೊಂದಕ್ಕೆ ಉಳಿದಿದೆ.

ಈ ಚರಿತ್ರೆಯಿಂದ ನಾವು ಏನನ್ನು ಕಲಿಯುವೆವು? ತಂದೆಯು ಇಬ್ಬರು ಮಕ್ಕಳನ್ನು ದ್ರಾಕ್ಷೆತೋಟಕ್ಕೆ ಕಳುಹಿಸಿದ ಸಾಮ್ಯವು ನಮಗೆಲ್ಲರಿಗೂ ಗೊತ್ತು. ಆಗಲಿ ಎಂದು ಹೇಳಿ ಹೋಗದೆ ಇದ್ದ ಮಗನು ನಮ್ಮ ಊರುಗಳಲ್ಲಿಯೂ ಇದ್ದಾನೆ. ಸಭೆಯ ಹಿರಿಯರು ಕೂಡಿ, ವಿಧವೆಗೆ ಇಷ್ಟು ಸಹಾಯ, ಶಾಲೆಯ ಮಾಡಿಗೆ ಇಷ್ಟು ಹಂಚು, ಜಗಳವಾಡಿದವರಿಗೆ ಹೀಗೆ ತೀರ್ಪು ಎಂದು ಗೊತ್ತುವಳಿ ಮಾಡಿ ಪುಸ್ತಕದಲ್ಲಿ ಬರೆಯುವರು. ಬರೆದದ್ದು ಒಳ್ಳೆಯದೇ, ಬರೆಯದಿದ್ದರೆ ಯಾರೂ ಅದನ್ನು ಹಿಡಿದು ಕೇಳುವಂತಿಲ್ಲ. ಗ್ರಾಂಟರು ತಂದ 87ನೆಯ ಕಲಮು ಇದಕ್ಕೆ ಸಾಕ್ಷಿ. ಆದರೆ ದಿವಸವನ್ನು ಗೊತ್ತುಮಾಡಿ, ಆ ದಿವಸ ಬಂದಾಗ ಹೋಗಿ ನೋಡುವವನೊಬ್ಬನು ಬೇಕು. ಅಲ್ಲದೆ, ಪರಿಚಿತನೂ ಅನುಕೂಲವುಳ್ಳವನೂ ಬಂದು ಒಂದು ಅಪ್ಪಣೆಯನ್ನು ಕೇಳುವಾಗ, ಅದರಿಂದ ಹಡಗನ್ನು ಹತ್ತಬೇಕಾದವರು ಯಾರು, ಅವರನ್ನು ಕೇಳಿದೆವೋ ಎಂದು ವಿಚಾರಿಸುವದು ಹಿರಿಯನ ಮೊದಲನೆಯ ಕರ್ತವ್ಯ. ಮುಂದಿನ ಸಭೆಯಲ್ಲಿ ನಮ್ಮ ಹಿರಿಯರು ಹಳೆಯ ಗೊತ್ತುವಳಿಯ ಪುಸ್ತಕವನ್ನು ತೆರೆದು, ಮಾಡದೆ ಬಿಟ್ಟದ್ದು ಯಾವದೆಂದು ಒಮ್ಮೆ ಓದಿಸಿದರೆ ಬಹಳ ಪ್ರಯೋಜನವಾದೀತು.